ಎಂಟು ಐದರ ಬಸ್ಸು

ಕಾರ್ಲ್ಟನ್ ಆ ಮಾತನ್ನು ಬಹಳ ಮೆತ್ತಗೆ ಹೇಳಿದರು. "ಪ್ರಖ್ಯಾತ್, ಬೇಜಾರು ಮಾಡ್ಬೇಡಿ. ಬಸ್ಸಿನ ಪ್ರಾಜೆಕ್ಟ್ ಇನ್ನು ಅಶ್ವಿನಿ ನೋಡ್ಲಿ. ನೀವು ಅವಳಿಗೆ ಸ್ವಲ್ಪ ದಾರಿ ತೋರಿಸಿ, ಆಯ್ತಾ?"

ಗದರಿ ಹೇಳಿದ್ದರೆ ಪ್ರಖ್ಯಾತ್ ತಿರುಗಿ ಏನಾದರೂ ಅನ್ನಬಹುದಿತ್ತು. ಇಷ್ಟು ಮೆತ್ತಗೆ ಹೇಳಿದ ಮೇಲೆ ತಲೆಯಾಡಿಸುವುದೊಂದೇ ಉಳಿಯಿತು. ತಲೆಯಾಡಿಸಿ ಎದ್ದು ಬಂದ. ತನ್ನ ಗಾಜಿನ ಕ್ಯಾಬಿನ್ನಿಗೆ ಬಂದು ಕೂತ ಮೇಲೆ ಕಿವಿಯ ತುದಿ ಸುಡುತ್ತಿರುವುದು ಗೊತ್ತಾಯಿತು.

ಮಣಿಪಾಲದ ಆ ಸಾಫ್ಟ್‌ವೇರ್ ಕಂಪೆನಿಯಲ್ಲಿ ಇರುವುದೇ ನಲವತ್ತು ಜನ. ಮಾಲೀಕರು ಕಾರ್ಲ್ಟನ್. ಪ್ರಖ್ಯಾತ್ ಅಲ್ಲಿ ಹನ್ನೊಂದು ವರ್ಷದ ಹಳಬ, ಒಂಬತ್ತು ಮಂದಿಯ ತಂಡಕ್ಕೆ ಮ್ಯಾನೇಜರು. ಕಾಪುವಿನ ಮನೆಯಿಂದ ದಿನವೂ ಕಾರಿನಲ್ಲಿ ಬರುತ್ತಿದ್ದ. ಎರಡು ವರ್ಷದ ಹಿಂದೆ ಕಾರ್ಕಳ, ಉಡುಪಿ, ಕಾಪು ಕಡೆಯ ಕೆಲವು ಖಾಸಗಿ ಬಸ್ ಮಾಲೀಕರು ಒಟ್ಟಾಗಿ ಕಂಪೆನಿಗೆ ಒಂದು ಕೆಲಸ ಕೊಟ್ಟಿದ್ದರು. ಈ ಊರುಗಳಲ್ಲಿ ಒಂದು ಬಸ್ಸಿಗೂ ಮುಂದಿನ ಬಸ್ಸಿಗೂ ನಡುವೆ ಐದು ನಿಮಿಷ, ಹೆಚ್ಚೆಂದರೆ ಏಳು. ಒಂದು ನಿಮಿಷ ಆಚೀಚೆ ಆದರೆ ಕಂಡಕ್ಟರುಗಳಿಗೆ ಕೈ ಕೈ ಮಿಲಾಯಿಸುವಷ್ಟು ಸಿಟ್ಟು. ಬಸ್‌ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಪುಸ್ತಕ ಹಿಡಿದುಕೊಂಡು, ವಿಸಿಲ್ ಊದಿ ಒಂದೊಂದನ್ನೇ ಹೊರಡಿಸುತ್ತಾನೆ. ಆ ಪುಸ್ತಕದ ಬದಲು ಪ್ರತಿ ಕಂಡಕ್ಟರಿನ ಮೊಬೈಲಿನಲ್ಲೇ ಹೊರಡುವ ಸಮಯ ಕಾಣಬೇಕು, ಮನೆಯಲ್ಲಿ ಕೂತ ಪ್ರಯಾಣಿಕರಿಗೂ ತಿಳಿಯಬೇಕು ಎನ್ನುವುದು ಮಾಲೀಕರ ಆಸೆ.

ಪ್ರಖ್ಯಾತ್ ಅದಕ್ಕೆ ಗೋಡೆಯಗಲದ ಯೋಜನೆ ಹಾಕಿದ್ದ. ಯಾರು ಯಾವ ದಿನ ಯಾವ ಗಂಟೆಗೆ ಏನು ಮುಗಿಸಬೇಕು, ಎಲ್ಲ ಅದರಲ್ಲಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳುತ್ತಿದ್ದ. "ಆಗ್ತದೆ ಸರ್" ಎನ್ನುತ್ತಿದ್ದರು. ಆಗಲಿಲ್ಲ ಎಂದವರಿಗೆ ಎಲ್ಲರೆದುರು ಮಂಗಳಾರತಿಯಾಗುತ್ತಿತ್ತು. ಹಾಗಾಗಿ ಯಾರೂ ಆಗಲಿಲ್ಲ ಎನ್ನುತ್ತಿರಲಿಲ್ಲ. ಕೊಟ್ಟ ಗಡುವು ಎರಡು ಸಲ ಮೀರಿತು. ಮೂರನೆಯ ಸಲ ಮಾಲೀಕರನ್ನೆಲ್ಲ ಕರೆಸಿ ತೋರಿಸುವಾಗ ಪರದೆ ಬೆಳ್ಳಗೆ ನಿಂತುಬಿಟ್ಟಿತು. ಆ ಭಾಗ ಬರೆದವನು ಉಜ್ವಲ್. ಅದು ಕೆಲಸ ಮಾಡುವುದಿಲ್ಲವೆಂದು ಅವನಿಗೆ ಎರಡು ವಾರದ ಮೊದಲೇ ಗೊತ್ತಿತ್ತಂತೆ. "ಮೊದಲೇ ಬೊಗಳ್ಲಿಕ್ಕೆ ಎಂತ ಆಗಿತ್ತು ನಿನಗೆ?" ಎಂದು ಪ್ರಖ್ಯಾತ್ ಕೂಗಿದಾಗ ಉಜ್ವಲ್ ನೆಲ ನೋಡುತ್ತ ನಿಂತಿದ್ದ. ಕಾರ್ಲ್ಟನ್ ಬಾಗಿಲಲ್ಲಿ ನಿಂತು ಅದನ್ನೆಲ್ಲ ಕೇಳಿಸಿಕೊಂಡಿದ್ದರು.

ಈಗ ಅದೇ ಕೆಲಸ ಅಶ್ವಿನಿಗೆ.

ಅಶ್ವಿನಿಗೆ ಮೂವತ್ತು ವರ್ಷ. ಆರು ವರ್ಷದ ಹಿಂದೆ ಟೆಸ್ಟಿಂಗಿಗೆಂದು ಸೇರಿದ್ದವಳು. ಸೇರಿಸಿಕೊಂಡವನು ಪ್ರಖ್ಯಾತನೇ. ಅವಳ ಅಪ್ಪ ಚಂದಪ್ಪ, ಅವ್ವ ಲಕ್ಕವ್ವ ಬಾದಾಮಿ ಕಡೆಯಿಂದ ಕಟ್ಟಡ ಕೆಲಸಕ್ಕೆಂದು ಉಡುಪಿಗೆ ಬಂದು, ಕಡಿಯಾಳಿಯಲ್ಲಿ ಬಾಡಿಗೆಗೆ ಮನೆ ಮಾಡಿ, ಇಲ್ಲಿಯವರೇ ಆಗಿಹೋದವರು. ಚಂದಪ್ಪ ಈಗ ಮೇಸ್ತ್ರಿ. ಮಗಳು ಮನೆಯಲ್ಲಿ ಉತ್ತರ ಕರ್ನಾಟಕದ ಕನ್ನಡ, ಆಫೀಸಿನಲ್ಲಿ ಉಡುಪಿ ಕನ್ನಡ, ಬಸ್‌ಸ್ಟ್ಯಾಂಡಿನಲ್ಲಿ ಅಪ್ಪಟ ತುಳು ಮಾತಾಡುತ್ತಿದ್ದಳು. ಪ್ರಖ್ಯಾತನಿಗೆ ಮೊದಮೊದಲು ಅದು ಕೇಳಲು ಚೆಂದವೆನಿಸುತ್ತಿತ್ತು. ಈಗ ಅವಳ ಬಾಯಲ್ಲಿ ತನ್ನ ತಾಯ್ನುಡಿ ಕೇಳಿದರೆ ಯಾರೋ ತನ್ನ ಚಪ್ಪಲಿ ಮೆಟ್ಟಿಕೊಂಡು ಓಡಾಡಿದಂತೆ ಮೈ ಉರಿಯುತ್ತಿತ್ತು.

ಅವಳು ಮೊದಲ ದಿನವೇ ಗೋಡೆಯ ಯೋಜನೆ ಇಳಿಸಿದಳು. ಅದನ್ನು ಮೇಜಿನ ಮೇಲೆ ಹರವಿ ಎಂಟೂ ಮಂದಿಯನ್ನು ಸುತ್ತ ಕೂರಿಸಿಕೊಂಡಳು. "ಇದರಲ್ಲಿ ಸುಳ್ಳು ಯಾವುದುಂಟು, ಒಬ್ಬೊಬ್ಬರು ಒಂದೊಂದು ಹೇಳುವ. ಮೊದಲು ನಂದೇ ಹೇಳ್ತೇನೆ. ಇಲ್ಲಿ ಟೆಸ್ಟಿಂಗ್ ಮುಗಿದಿದೆ ಅಂತ ಹಸಿರು ಬಣ್ಣ ಹಾಕಿದ್ದೇನಲ್ಲ, ಅದು ಅರ್ಧ ಕೂಡ ಆಗ್ಲಿಲ್ಲ. ಟೈಮ್ ಇರ್ಲಿಲ್ಲ, ಹೆದರಿ ಹಸಿರು ಮಾಡಿದೆ."

ಗಾಜಿನಾಚೆಯಿಂದ ಪ್ರಖ್ಯಾತ್ ನೋಡುತ್ತಿದ್ದ. ಮಾತು ಪೂರ್ತಿ ಕೇಳದಿದ್ದರೂ ಮುಖಗಳು ಕಾಣುತ್ತಿದ್ದವು. ಮೊದಲು ಯಾರೂ ಬಾಯಿಬಿಡಲಿಲ್ಲ. ಆಮೇಲೆ ಉಜ್ವಲ್ ಏನೋ ಹೇಳಿದ. ಆಮೇಲೆ ಒಬ್ಬರ ಹಿಂದೊಬ್ಬರು. ಕೊನೆಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ತನ್ನ ಎರಡು ವರ್ಷದ ಯೋಜನೆಯ ಮೇಲೆ ಕೈಯೂರಿ ನಗುತ್ತಿದ್ದರು.

ಮಾರನೆಯ ದಿನ ಅವಳು ಅರ್ಧಕ್ಕರ್ಧ ಕೆಲಸವನ್ನೇ ಕಿತ್ತು ಹಾಕಿದಳು. ಸೀಟು ಕಾಯ್ದಿರಿಸುವುದು ಬೇಡ, ಜಾಹೀರಾತು ಬೇಡ, ಎಲ್ಲ ಊರೂ ಒಟ್ಟಿಗೆ ಬೇಡ. ಮೊದಲು ಕಾರ್ಕಳದಿಂದ ಮಣಿಪಾಲ, ಉಡುಪಿಗೆ ಹೋಗುವ ಒಂದೇ ದಾರಿಯ ಸಮಯ ಸರಿಯಾಗಿ ತೋರಿಸುವ ಎಂದಳು. ಮಾಲೀಕರ ಹತ್ತಿರ ತಾನೇ ಹೋಗಿ ಒಪ್ಪಿಸಿಯೂ ಬಂದಳು. ಎರಡು ವಾರ ಕಾರ್ಕಳ ಬಸ್‌ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಅಣ್ಣು ಎಂಬ ಹಿರಿಯರ ಪಕ್ಕದಲ್ಲಿ ಸ್ಟೂಲು ಹಾಕಿ ಕೂತಳು. ಸಂಜೆ ಬಂದು ಕಂಡದ್ದನ್ನು ತಂಡಕ್ಕೆ ಹೇಳುತ್ತಿದ್ದಳು.

ಪ್ರಖ್ಯಾತ್ ಲೆಕ್ಕ ಇಡತೊಡಗಿದ. ಬುಧವಾರ ಒಂದೇ ದಿನ ಉಜ್ವಲ್ ಅವಳ ಮೇಜಿಗೆ ಹನ್ನೊಂದು ಸಲ ಹೋದ. ಮೂರು ವರ್ಷದಲ್ಲಿ ತನ್ನ ಕ್ಯಾಬಿನ್ನಿಗೆ ಅವನು ತಾನಾಗಿ ಬಂದದ್ದು ರಜೆ ಕೇಳಲು ಮಾತ್ರ. ಕ್ಯಾಂಟೀನಿಗೆ ಹೋಗುವಾಗ ಈಗ ಎಲ್ಲರೂ ಅವಳಿಗಾಗಿ ಕಾಯುತ್ತಾರೆ. ಯಾರೋ ಮನೆಯಿಂದ ಪತ್ರೊಡೆ ತಂದರೆ ಮೊದಲ ತುಂಡು ಅವಳಿಗೆ. ಪತ್ರೊಡೆಯ ತುಂಡನ್ನೂ ಎಣಿಸುವ ಮಟ್ಟಕ್ಕೆ ಇಳಿದೆನಲ್ಲ ಎಂದು ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಆದರೂ ಎಣಿಸುವುದು ನಿಲ್ಲುತ್ತಿರಲಿಲ್ಲ.

ಪ್ರಾಜೆಕ್ಟ್ ಕೈತಪ್ಪಿದ್ದನ್ನು ಹೇಗಾದರೂ ನುಂಗಿಕೊಳ್ಳುತ್ತಿದ್ದನೇನೋ. ಆ ಎಂಟು ಮಂದಿ ತನಗೆ ಹೇಳದ ನಿಜವನ್ನೆಲ್ಲ ಅವಳ ಎದುರು ಮಡಿಲು ತುಂಬಿದಂತೆ ಸುರಿಯುತ್ತಿದ್ದರು. ನುಂಗಲಾಗದ್ದು ಅದು.

ಒಂದು ಮಧ್ಯಾಹ್ನ ಅವಳು ಕ್ಯಾಬಿನ್ನಿನ ಬಾಗಿಲು ತಟ್ಟಿದಳು. ಕೈಯಲ್ಲಿ ಅವನೇ ಬರೆಸಿದ್ದ ನೂರಾ ನಲವತ್ತು ಪುಟದ ದಾಖಲೆ.

"ಸರ್, ಇಪ್ಪತ್ತನೇ ತಾರೀಕಿಗೆ ಶುರು ಮಾಡುವ ಅಂತ. ನೀವು ಎರಡು ವರ್ಷ ಇದರಲ್ಲೇ ಇದ್ದವರು. ಇದರಲ್ಲಿ ಬರೆಯದ್ದು, ನಿಮ್ಮ ತಲೆಯಲ್ಲಿ ಮಾತ್ರ ಇರುವಂಥದ್ದು ಎಂತಾದರೂ ಉಂಟಾ?"

ಉಂಟು. ಕೇಳಿದ ಕೂಡಲೇ ಅವನಿಗೆ ನೆನಪಾಯಿತು. ಎರಡು ವರ್ಷದ ಹಿಂದೆ ಕಾರ್ಕಳಕ್ಕೆ ಹೋಗಿದ್ದಾಗ ಅಣ್ಣು ಚಹಾ ಕುಡಿಯುತ್ತ ಹೇಳಿದ್ದರು. ಬೆಳಿಗ್ಗೆ ಎಂಟು ಐದರ ಬಸ್ಸಿಗೆ ಮಣಿಪಾಲಕ್ಕೆ ಹೋಗುವವರ ನೂಕುನುಗ್ಗಲು, ಎಂಟು ಹನ್ನೆರಡರದ್ದು ಅರ್ಧ ಖಾಲಿ. ಅದಕ್ಕೆ ಹಳದಿ ಬಸ್ಸಿನ ಮಾಲೀಕರೂ ನೀಲಿ ಬಸ್ಸಿನ ಮಾಲೀಕರೂ ಬಾಯಿಮಾತಿನಲ್ಲೇ ಒಂದು ಒಪ್ಪಂದ ಮಾಡಿಕೊಂಡಿದ್ದರು. ಒಂದು ತಿಂಗಳು ಎಂಟು ಐದು ಇವರಿಗೆ, ಮರುತಿಂಗಳು ಅವರಿಗೆ. ಪ್ರತಿ ಒಂದನೇ ತಾರೀಕು ಅದಲುಬದಲು. ಅದು ಯಾವ ಕಾಗದದಲ್ಲೂ ಇಲ್ಲ. ಪ್ರಖ್ಯಾತ್ ಅದನ್ನು ಆಮೇಲೆ ಸೇರಿಸೋಣವೆಂದು ಬಿಟ್ಟಿದ್ದ. ಅಶ್ವಿನಿ ಕಾರ್ಕಳದಲ್ಲಿ ಕೂತದ್ದು ತಿಂಗಳ ನಡುವೆ. ಅವಳ ಕಣ್ಣಿಗೆ ಅದು ಬೀಳುವಂತಿರಲಿಲ್ಲ.

ಅವಳು ಕಾಯುತ್ತ ನಿಂತಿದ್ದಳು. ಅವಳ ಹಿಂದೆ, ಗಾಜಿನಾಚೆ, ಉಜ್ವಲ್ ಅವಳಿಗಾಗಿ ಲ್ಯಾಪ್‌ಟಾಪ್ ಹಿಡಿದು ಕಾಯುತ್ತಿದ್ದ.

"ಎಲ್ಲ ಅದರಲ್ಲೇ ಉಂಟು" ಎಂದ ಪ್ರಖ್ಯಾತ್. "ಸರಿಯಾಗಿ ಓದು."

ಇಪ್ಪತ್ತನೇ ತಾರೀಕು ಶುರುವಾಯಿತು. ಒಂದು ಬಸ್ಸೂ ತಪ್ಪಲಿಲ್ಲ. ಕಂಡಕ್ಟರುಗಳು ಮೊಬೈಲು ನೋಡಿಕೊಂಡು ಹೊರಟರು. ಮೂರನೆಯ ದಿನ ಮಾಲೀಕರೊಬ್ಬರು ಆಫೀಸಿಗೇ ಬಂದು ಅಶ್ವಿನಿಯ ಕೈಗೆ ಗೇರುಬೀಜದ ದೊಡ್ಡ ಪೊಟ್ಟಣ ಕೊಟ್ಟರು. ಕಾರ್ಲ್ಟನ್ ಎಲ್ಲರೆದುರು ಅವಳನ್ನು ಹೊಗಳಿದರು. ಚಪ್ಪಾಳೆ ತಟ್ಟುವಾಗ ಪ್ರಖ್ಯಾತನ ಅಂಗೈಗಳು ಸದ್ದು ಮಾಡದೆ ಒಂದನ್ನೊಂದು ಮುಟ್ಟಿ ಬಂದವು.

ಅವನು ಒಂದನೇ ತಾರೀಕಿಗಾಗಿ ಕಾಯುತ್ತಿದ್ದ. ಮೊದಲು ಅದನ್ನು ತನಗೇ ಒಪ್ಪಿಕೊಂಡಿರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಿದ್ದ. ಇಪ್ಪತ್ತೈದು ಕಳೆಯಿತು, ಇಪ್ಪತ್ತೆಂಟು ಕಳೆಯಿತು. ದಿನ ಹೋದಷ್ಟೂ ಹೇಳುವುದು ಕಷ್ಟವಾಯಿತು. ಈಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುತ್ತಾರೆ. ಅಂಥದ್ದೇ ಪ್ರಶ್ನೆಯನ್ನು ತಾನು ಉಜ್ವಲನಿಗೆ ಕೂಗಿ ಕೇಳಿದ್ದು ನೆನಪಾಯಿತು.

ತಿಂಗಳ ಕೊನೆಯ ಸಂಜೆ ಅವನು ಕಾಪುವಿನ ಮನೆಯಲ್ಲಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ. ಹೆಂಡತಿ ನಿಶ್ಮಿತಾ ಬಂಗುಡೆ ಮೀನು ಕೊಯ್ಯುತ್ತಿದ್ದಳು. ಫೋನಿಗೆ ಅಶ್ವಿನಿಯ ಸಂದೇಶ ಬಂತು. ಹನ್ನೆರಡು ದಿನ ಒಂದೂ ತಕರಾರಿಲ್ಲ ಸರ್, ನಿಮ್ಮ ದಾಖಲೆಯಿಂದಲೇ ಇದು ಸಾಧ್ಯವಾದದ್ದು, ಥ್ಯಾಂಕ್ಸ್ ಎಂದಿತ್ತು.

"ಯಾರು?" ನಿಶ್ಮಿತಾ ಕೇಳಿದಳು.

"ಆ ಗಾರೆ ಕೆಲಸದವನ ಮಗಳು."

ನಿಶ್ಮಿತಾ ಕತ್ತಿ ಕೆಳಗಿಟ್ಟು ಅವನ ಮುಖ ನೋಡಿದಳು. "ನೀವು ಮೊದಲು ಹೀಗೆ ಮಾತಾಡುವವರಲ್ಲ. ಅವಳನ್ನು ಕೆಲಸಕ್ಕೆ ತಗೊಂಡ ದಿನ ಎಷ್ಟು ಹೊಗಳಿದ್ರಿ, ನೆನಪುಂಟಾ? ಎಂತ ಆಗಿದೆ ನಿಮಗೆ?"

ಅವನು ಜಗಲಿಗೆ ಹೋಗಿ "ಒಂದು ವಿಷಯ ಹೇಳ್ಲಿಕ್ಕುಂಟು" ಎಂದು ಟೈಪು ಮಾಡಿದ. ಅದನ್ನು ಎರಡು ಸಲ ಓದಿದ. ಅಳಿಸಿದ.

ಬೆಳಿಗ್ಗೆ ಆರೂವರೆಗೇ ಕಾರು ತೆಗೆದ. ಮಣಿಪಾಲದ ದಾರಿ ಬಿಟ್ಟು ಕಾರ್ಕಳದ ಕಡೆ ತಿರುಗಿಸಿದ. ಯಾಕೆ ಹೋಗುತ್ತಿದ್ದೇನೆ ಎಂದು ಕೇಳಿದ್ದರೆ, ತಡೆಯಲು ಎಂದು ಹೇಳುತ್ತಿದ್ದನೋ ಏನೋ. ಆದರೆ ಬಸ್‌ಸ್ಟ್ಯಾಂಡಿಗೆ ಏಳೂಮುಕ್ಕಾಲಿಗೆ ತಲುಪಿದವನು ಅಣ್ಣುವಿನ ಹತ್ತಿರ ಹೋಗಲಿಲ್ಲ. ಎದುರಿನ ಹೋಟೆಲಿನಲ್ಲಿ ಕೂತು ಚಹಾ ಹೇಳಿದ. ಅಶ್ವಿನಿಯೂ ಉಜ್ವಲನೂ ಅಲ್ಲಿಯೇ ಇದ್ದರು. ಹೊಸ ತಿಂಗಳಲ್ಲವೇ, ಒಮ್ಮೆ ನೋಡಿ ಬರೋಣವೆಂದು ಬಂದಿದ್ದಿರಬೇಕು.

ಎಂಟಕ್ಕೆ ಗದ್ದಲ ಶುರುವಾಯಿತು. ಹಳದಿ ಬಸ್ಸಿನ ಕಂಡಕ್ಟರು ಮೊಬೈಲು ತೋರಿಸಿ ಎಂಟು ಐದು ನನ್ನದು ಎಂದ. ನೀಲಿ ಬಸ್ಸಿನವನು, ಇವತ್ತು ಒಂದನೇ ತಾರೀಕು ಮಾರಾಯ, ಈ ತಿಂಗಳು ನಮ್ಮದು ಎಂದ. ಜನರಿಗೆ ಯಾವುದಕ್ಕೆ ಹತ್ತುವುದೆಂದು ತಿಳಿಯಲಿಲ್ಲ. ಕೆಲವರು ಹಳದಿಗೆ ಓಡಿದರು, ಮತ್ತೆ ಇಳಿದು ನೀಲಿಗೆ ಓಡಿದರು. ಅಣ್ಣು ವಿಸಿಲ್ ಊದುತ್ತಲೇ ಇದ್ದರು, ಯಾರೂ ಕೇಳಲಿಲ್ಲ. ಎರಡೂ ಬಸ್ಸುಗಳು ಒಟ್ಟಿಗೇ ಹೊರಟವು. ನೀಲಿ ಬಸ್ಸು ಒಮ್ಮೆಲೇ ಮುಂದೆ ನುಗ್ಗಿದಾಗ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಹೆಂಗಸೊಬ್ಬರು ಕೈ ತಪ್ಪಿ ಕೆಳಗೆ ಬಿದ್ದರು.

ಪ್ರಖ್ಯಾತ್ ಚಹಾ ಬಿಟ್ಟೆದ್ದು ರಸ್ತೆ ದಾಟಿ ಓಡಿದ.

ಬಿದ್ದವರು ರತ್ನಾವತಿ, ಮಣಿಪಾಲದ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುವವರು. ವಯಸ್ಸು ಐವತ್ತೈದರ ಮೇಲೆ. ಬಲಗೈ ಮಣಿಕಟ್ಟು ಆಗಲೇ ಊದಿಕೊಂಡಿತ್ತು. ಅಶ್ವಿನಿ ನೆಲದ ಮೇಲೆ ಕೂತು ಅವರ ತಲೆ ತನ್ನ ಮಡಿಲಿಗೆ ತೆಗೆದುಕೊಂಡಿದ್ದಳು. ಇಬ್ಬರು ಕಂಡಕ್ಟರುಗಳೂ ಅವಳ ಮೇಲೆ ಕೂಗುತ್ತಿದ್ದರು.

"ತಪ್ಪು ನಮ್ಮದೇ" ಎಂದಳು ಅವಳು, ತಲೆ ಎತ್ತಿ. "ನಿಮ್ಮಿಬ್ಬರದ್ದೂ ಅಲ್ಲ. ನಾನು ಕೇಳಿ ತಿಳ್ಕೊಳ್ಬೇಕಿತ್ತು. ಇವತ್ತಿಗೆ ಅಣ್ಣುವಣ್ಣ ಹೇಳಿದ ಹಾಗೆ ಓಡಿಸಿ. ಉಜ್ವಲ್, ಈ ದಾರಿಯದ್ದು ಪೂರ್ತಿ ನಿಲ್ಲಿಸಿಬಿಡು, ಈಗಲೇ."

ಅಣ್ಣು ಅಷ್ಟರಲ್ಲಿ ಪ್ರಖ್ಯಾತನನ್ನು ಕಂಡರು. "ನೀವೂ ಬಂದಿದ್ದೀರಾ? ನಾನು ನಿಮಗೆ ಹೇಳಿದ್ದೆನಲ್ಲ, ಒಂದನೇ ತಾರೀಕಿನ ವಿಷಯ? ನಿಮಗೆ ಗೊತ್ತುಂಟು ಅಂತ ನಾನು ಈ ಹುಡುಗಿಗೆ ಹೇಳ್ಲಿಲ್ಲ. ಹೇಳಿದ್ದೆ ಅಲ್ವಾ?"

ಉಜ್ವಲ್ ಮೊಬೈಲಿನಿಂದ ಕಣ್ಣೆತ್ತಿದ. ಅಶ್ವಿನಿಯೂ ನೋಡಿದಳು. ನೆನಪಿಲ್ಲ ಎನ್ನಬಹುದಿತ್ತು. ಎರಡು ವರ್ಷದ ಹಿಂದಿನ ಚಹಾದ ಮಾತು, ಎಲ್ಲರೂ ನಂಬುತ್ತಿದ್ದರು. ರತ್ನಾವತಿ ನೋವಿಗೆ ನರಳಿದರು.

"ಹೇಳಿದ್ರಿ" ಎಂದ ಪ್ರಖ್ಯಾತ್. "ಕಾರು ತರ್ತೇನೆ. ಇವರನ್ನು ಮೊದಲು ಆಸ್ಪತ್ರೆಗೆ ಕರ್ಕೊಂಡು ಹೋಗುವ."

ಮಣಿಕಟ್ಟಿನ ಮೂಳೆ ಮುರಿದಿತ್ತು. ಒಳಗೆ ಪ್ಲಾಸ್ಟರ್ ಹಾಕುತ್ತಿರುವಾಗ ಹೊರಗಿನ ಬೆಂಚಿನಲ್ಲಿ ಅವರಿಬ್ಬರೇ ಕೂತಿದ್ದರು. ಅಶ್ವಿನಿಯ ಚೂಡಿದಾರದ ತುಂಬ ಬಸ್‌ಸ್ಟ್ಯಾಂಡಿನ ಧೂಳು. ಅವಳೇ ಮೊದಲು ಕೇಳಿದಳು.

"ಮರ್ತುಹೋಗಿತ್ತಾ ಸರ್?"

"ಇಲ್ಲ. ನೀನು ಕೇಳಿದಾಗ ನೆನಪಿತ್ತು."

"ಮತ್ತೆ ಯಾಕೆ?"

ಅವನು ಗೋಡೆ ನೋಡುತ್ತ ಹೇಳಿದ. "ಉಜ್ವಲ್ ನಿನ್ನ ಹತ್ತಿರ ದಿನಕ್ಕೆ ಹತ್ತು ಸಲ ಬರ್ತಾನೆ. ನಾನು ಎಣಿಸ್ತಿದ್ದೆ." ಹೇಳಿದ ಮೇಲೆ ಅದು ಎಷ್ಟು ಸಣ್ಣ ಮಾತು ಎಂದು ಕೇಳಿಸಿತು. ಆದರೆ ಇದ್ದದ್ದು ಅಷ್ಟೇ.

ಅಶ್ವಿನಿ ಕೈಗೆ ಅಂಟಿದ್ದ ಧೂಳನ್ನು ಉಜ್ಜಿದಳು. "ನಮ್ಮಪ್ಪ ಒಂದು ಮಾತು ಹೇಳ್ತಾನೆ. ಮೇಸ್ತ್ರಿ ಬೈತಾನಂದ್ರ, ಗ್ವಾಡಿ ವಾಲಿದ್ರೂ ಆಳು ಹೇಳೂದಿಲ್ಲ, ಗಿಲಾವ ಹಚ್ಚಿ ಮುಚ್ಚತಾನ ಅಂತ. ಉಜ್ವಲ್ ನಿಮಗೆ ಹೇಳದ್ದು ಹೆದರಿ. ಅದು ನಂಗೆ ಅರ್ಥ ಆಗ್ತಿತ್ತು. ನಾನೂ ಹಾಗೇ ಮಾಡಿದ್ದೆ. ನೀವು ಯಾರಿಗೆ ಹೆದರಿದ್ದು ಸರ್?"

ಅವನು ಪ್ಲಾಸ್ಟರ್ ಹಾಕುತ್ತಿದ್ದ ಕೋಣೆಯ ಬಾಗಿಲ ಕಡೆ ತಿರುಗಿದ.

"ನಂಗೆ ಸಿಟ್ಟು ಬಂದಿದೆ" ಎಂದಳು ಅವಳು, ಸ್ವರ ಏರಿಸದೆ. "ಬೇಗ ಹೋಗುವಂಥದ್ದಲ್ಲ. ನಾಳೆ ಹತ್ತು ಗಂಟೆಗೆ ಎಲ್ಲರೂ ಕೂತು ಎಂತ ಆಯ್ತು ಅಂತ ಮಾತಾಡ್ತೇವೆ. ಇದನ್ನು ನೀವೇ ಹೇಳ್ಬೇಕು. ನಿಮ್ಮ ಪರವಾಗಿ ನಾನು ಹೇಳುದಿಲ್ಲ, ಮುಚ್ಚುದೂ ಇಲ್ಲ."

ಮಾರನೆಯ ದಿನ ಅವನು ಹೇಳಿದ. ನಿಂತುಕೊಂಡು ಹೇಳಲು ಹೊರಟವನನ್ನು ಅವಳು ಕೂರಲು ಹೇಳಿದಳು. ಅವನಿಗೆ ಮೂರು ನಿಮಿಷ ಸಾಕಾಯಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಉಜ್ವಲ್ ಮಾತ್ರ, "ಆ ಅಮ್ಮನ ಕೈ ಸರಿಯಾಗ್ಲಿಕ್ಕೆ ಎಷ್ಟು ದಿನ ಬೇಕಂತೆ?" ಎಂದು ಕೇಳಿದ. ಆರು ವಾರ ಎಂದ ಪ್ರಖ್ಯಾತ್. ಆಮೇಲೆ ಅವರು ಕೆಲಸಕ್ಕೆ ಇಳಿದರು. ಬಾಯಿಮಾತಿನ ಒಪ್ಪಂದಗಳನ್ನು ಸಾಫ್ಟ್‌ವೇರಿಗೆ ಹೇಗೆ ಕಲಿಸುವುದು, ಇನ್ನೆಷ್ಟು ಇಂಥವು ಟೈಮ್ ಕೀಪರುಗಳ ತಲೆಯಲ್ಲಿವೆ, ಯಾರು ಹೋಗಿ ಕೇಳುವುದು, ಇಂಥ ಮಾತುಗಳು. ಪ್ರಖ್ಯಾತ್ ಅಲ್ಲೇ ಕೂತಿದ್ದ, ಯಾರೂ ಅವನನ್ನು ಏನೂ ಕೇಳಲಿಲ್ಲ.

ಕಾರ್ಲ್ಟನ್ ಈ ಸಲ ಮೆತ್ತಗೆ ಮಾತಾಡಲಿಲ್ಲ. ಕ್ಯಾಬಿನ್ನು ಹೋಯಿತು, ಮ್ಯಾನೇಜರಿಕೆ ಹೋಯಿತು. "ಕೆಲಸದಿಂದ ತೆಗೀಬೇಕು ಅಂತಲೇ ಇದ್ದೆ. ಅಶ್ವಿನಿ ಬೇಡ ಅಂದಳು. ಮುಂದೆ ಶುರು ಮಾಡುದು ಕಟಪಾಡಿ, ಕಾಪು ಕಡೆಯ ದಾರಿ, ಅದು ನಿಮಗೆ ಗೊತ್ತುಂಟಂತೆ. ಅವಳ ಕೈಕೆಳಗೆ ಕೆಲಸ ಮಾಡ್ಲಿಕ್ಕೆ ಆಗ್ತದಾದರೆ ಇರಿ."

ಇದರಷ್ಟು ಅವನನ್ನು ಯಾವುದೂ ಸುಡಲಿಲ್ಲ. ಅವಳು ತೆಗೆದುಹಾಕಿ ಎಂದಿದ್ದರೆ ಜೀವಮಾನವಿಡೀ ಅವಳನ್ನು ದ್ವೇಷಿಸಿ ನೆಮ್ಮದಿಯಾಗಿ ಇರಬಹುದಿತ್ತು. ಅವಳು ಅದಕ್ಕೂ ದಾರಿ ಬಿಡಲಿಲ್ಲ. ಎರಡು ದಿನ ರಾಜೀನಾಮೆ ಪತ್ರ ಬರೆದು ಇಟ್ಟುಕೊಂಡಿದ್ದ. ಮೂರನೆಯ ದಿನ ನಿಶ್ಮಿತಾ ಅದನ್ನು ಓದಿದಳು. "ಇದರಲ್ಲಿ ಸ್ವಂತ ಕಾರಣ ಅಂತ ಬರ್ದಿದ್ದೀರಿ. ಎಂತ ಕಾರಣ ಅಂತ ಬರೀರಿ, ಆಮೇಲೆ ಬೇಕಾದ್ರೆ ಕಳಿಸಿ" ಎಂದು ವಾಪಸು ಕೊಟ್ಟಳು. ಅವನು ಕಳಿಸಲಿಲ್ಲ. ಆ ಶನಿವಾರ ರತ್ನಾವತಿಯವರ ಮನೆಗೆ ಹೋಗಿ, ನಡೆದದ್ದನ್ನು ಅವರಿಗೂ ಹೇಳಿದ. ಅವರು "ನೀವು ಓದಿದವರು" ಎಂದಷ್ಟೇ ಹೇಳಿ ಒಳಗೆ ಹೋದರು.

ಸೋಮವಾರದಿಂದ ಅವನು ಕಟಪಾಡಿ ಜಂಕ್ಷನ್ನಿನಲ್ಲಿ ಕೂತ. ಆಟೋಗಳ ಹಾರ್ನು, ಹೆದ್ದಾರಿಯ ಲಾರಿಗಳು, ತಲೆಯ ಮೇಲೆ ಬಿಸಿಲು. ಅಲ್ಲಿಯ ಟೈಮ್ ಕೀಪರ್ ಪ್ಯಾಟ್ರಿಕ್ ಎನ್ನುವವರು ಮೊದಲ ನಾಲ್ಕು ದಿನ ಹೂಂ, ಉಹೂಂ ಬಿಟ್ಟು ಬೇರೆ ಮಾತಾಡಲಿಲ್ಲ. ಐದನೆಯ ದಿನ, ಪ್ರಖ್ಯಾತ್ ಏನೂ ಕೇಳದೆ ಸುಮ್ಮನೆ ಕೂತಿದ್ದಾಗ, ಅವರಾಗಿಯೇ ಬಾಯಿಬಿಟ್ಟರು. ಭಾನುವಾರ ಚರ್ಚಿನ ಪೂಜೆ ಬಿಡುವ ಹೊತ್ತಿಗೆ ಮೂರು ಬಸ್ಸುಗಳು ಹೆದ್ದಾರಿ ಬಿಟ್ಟು ಒಳದಾರಿ ಹಿಡಿಯುತ್ತವೆ, ಆವತ್ತು ಕಾಪುವಿನ ಎಲ್ಲ ಸಮಯವೂ ಒಂಬತ್ತು ನಿಮಿಷ ಜರಗುತ್ತದೆ. ಯಾರಿಗೂ ಗೊತ್ತಿಲ್ಲ, ನಾವೇ ಹೊಂದಿಸಿಕೊಳ್ಳುತ್ತೇವೆ ಎಂದರು.

ಪ್ರಖ್ಯಾತ್ ಎದ್ದು ಅಂಗಡಿಯ ನೆರಳಿಗೆ ಹೋಗಿ ಅಶ್ವಿನಿಗೆ ಫೋನು ಮಾಡಿದ. ವಿಷಯ ಹೇಳಿದ. ಅವಳು ಎರಡು ಪ್ರಶ್ನೆ ಕೇಳಿದಳು, ಹಿಂದಿನಿಂದ ಉಜ್ವಲ್ ಮೂರನೆಯದನ್ನು ಕೂಗಿ ಕೇಳಿದ.

"ಹಾಗಾದರೆ ಹದಿನೈದಕ್ಕೆ ಕಾಪು ಶುರು ಮಾಡ್ಲಿಕ್ಕೆ ಆಗುದಿಲ್ಲ" ಎಂದಳು ಅವಳು. "ಎರಡು ವಾರವಾದರೂ ಬೇಕು. ಮಾಲೀಕರಿಗೆ ಹೇಳ್ಬೇಕು, ಅವರು ಸಿಟ್ಟಲ್ಲಿ ಕುಣೀತಾರೆ. ನಾನು ನಾಳೆ ಬಂದು ಹೇಳ್ತೇನೆ."

ನಾಳೆ ಅವಳು ಬರುತ್ತಾಳೆ. ಮಾಲೀಕರು ಮೊದಲು ಕುಣಿಯುತ್ತಾರೆ, ಅವಳು ಸಮಾಧಾನವಾಗಿ ಹೇಳುತ್ತಾಳೆ, ಕೊನೆಗೆ ಅವಳಿಗೇ ಚಹಾ ತರಿಸಿ ಕಳಿಸುತ್ತಾರೆ. ಅದು ಕಣ್ಣಿಗೆ ಕಟ್ಟಿದಂತೆ ಕಂಡು ಎದೆಯೊಳಗೆ ಆ ಪರಿಚಯದ ಚುಚ್ಚು ಎದ್ದಿತು. ಹೋಗಿರಲಿಲ್ಲ ಅದು. ಬೇಗ ಹೋಗುವಂತೆಯೂ ಕಾಣಲಿಲ್ಲ.

"ಬೇಡ" ಎಂದ. "ಮಾಲೀಕರ ಆಫೀಸು ಇಲ್ಲೇ ಮೇಲೆ ಉಂಟು. ಅವರು ಕೂತಿದ್ದಾರೆ. ನಾನೇ ಹೋಗಿ ಹೇಳ್ತೇನೆ."

"ಬೈತಾರೆ ಸರ್" ಎಂದಳು ಅವಳು.

"ಬೈಯ್ಲಿ" ಎಂದು ಫೋನು ಜೇಬಿಗೆ ಹಾಕಿಕೊಂಡು ಪ್ರಖ್ಯಾತ್ ಮಾಲೀಕರ ಆಫೀಸಿನ ಮೆಟ್ಟಿಲು ಹತ್ತಿದ.